ಕಾಲಿನ ಗಂಟಿನೊಳಗೆ ಬೂಷ್ಟು ಕಂಡ ಕಾರ್ಟರ್ ಸಾಹೇಬರು

ಈ ಸಲದ ಸಂಚಿಕೆಗೆ ದೊಡ್ಡವರೊಬ್ಬರ ಜೀವನ ಬರೆದುಕೊಡ್ರಿ ಅಂತ ಸಂಪಾದಕ ಮಿತ್ರರು ಫೋನ್ ಮಾಡಿದಾಗ ನಾನು ಹೆನ್ರಿ ವ್ಯಾನ್‌ಡೈಕ್ ಕಾರ್ಟರ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ವಿಶ್ವೇಶ್ವರಯ್ಯನವರೋ, ಗಂಗೂಬಾಯಿ ಹಾನಗಲ್ಲರೋ ಅಂದಿದ್ದರೆ ಅವರಿಗೂ ಸುಲಭ ಆಗ್ತಿತ್ತು, ನಿಮಗೂ ಗುರುತು ಹತ್ತುತ್ತಿತ್ತು. ಆದರೆ ನಾನು ಮೇಲ್ ನರ್ಸು. ಇಪ್ಪತ್ತು ವರ್ಷದಿಂದ ಕಂಡೋರ ಕಾಲು, ಕಂಡೋರ ಗಾಯ ನೋಡಿಕೊಂಡು ಬದುಕಿದವನು. ನಮ್ಮ ಕಸುಬಿನವರಿಗೆ ಕಾರ್ಟರ್ ಬಹಳ ದೊಡ್ಡ ಮನುಷ್ಯ. ಗ್ರೇಸ್ ಅನಾಟಮಿ ಅನ್ನೋ ಪುಸ್ತಕದ ಹೆಸರು ಕೇಳದ ಡಾಕ್ಟರಾಗಲಿ ನರ್ಸಾಗಲಿ ನನಗೆ ಇನ್ನೂ ಸಿಕ್ಕಿಲ್ಲ. ಅದರ ಹೆಸರನ್ನೇ ಸ್ವಲ್ಪ ತಿರುಚಿ ಅಮೆರಿಕದವರು ಟಿವಿ ಧಾರಾವಾಹಿ ಕೂಡ ಮಾಡಿದ್ದಾರೆ. ಆ ಪುಸ್ತಕದ ಚಿತ್ರ ಬರೆದವರೇ ಈ ಕಾರ್ಟರ್. ಆಮೇಲೆ ಊರು ಬಿಟ್ಟು, ನೌಕರಿಗೆ ಅಂತ ನಮ್ಮ ದೇಶಕ್ಕೆ ಬಂದು, ಮೂವತ್ತು ವರ್ಷ ದುಡಿದರು. ಬರಿಗಾಲಲ್ಲಿ ಹೊಲ ತುಳಿಯುವ ನಮ್ಮ ರೈತರ ಒಂದು ರೋಗದ ಒಳಗುಟ್ಟು ಕಂಡುಹಿಡಿದವರೂ ಅವರೇ. ನನಗೆ ಹೇಳಬೇಕಾದದ್ದು ಹೆಚ್ಚಾಗಿ ಆ ರೋಗದ ಕಥೆ.

ಕಾರ್ಟರ್ ಹುಟ್ಟಿದ್ದು 1831ರ ಮೇ 22ರಂದು, ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ. ತಂದೆ ಚಿತ್ರಗಾರ, ನೀರುಬಣ್ಣದಲ್ಲಿ ಸಮುದ್ರ, ಹಡಗು ಬರೆಯುತ್ತಿದ್ದವರು. ಮಗನಿಗೆ ವ್ಯಾನ್‌ಡೈಕ್ ಅಂತ ಹಳೇ ಚಿತ್ರಗಾರನ ಹೆಸರು ಸೇರಿಸಿದ್ದೂ ಅದಕ್ಕೇ ಇರಬೇಕು. ಮನೆಯಲ್ಲಿ ಪೆನ್ಸಿಲ್ಲು, ಬಣ್ಣದ ನಡುವೆ ಬೆಳೆದ ಹುಡುಗ ಹರೆಯದಲ್ಲೇ ಲಂಡನ್ನಿಗೆ ಹೋಗಿ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯ ಕಲಿತ. ನಾಚಿಕೆ ಸ್ವಭಾವ, ದೇವರ ಬಗ್ಗೆ ಸದಾ ತೊಳಲಾಟ, ತನ್ನಿಂದ ಏನೂ ಆಗಲ್ಲ ಅನ್ನೋ ಕೊರಗು. ಇದೆಲ್ಲ ಅವರೇ ಬರೆದಿಟ್ಟ ಡೈರಿಯಿಂದ ಗೊತ್ತಾಗುತ್ತದೆ. ಆ ಡೈರಿ ಇವತ್ತಿಗೂ ಲಂಡನ್ನಿನ ಗ್ರಂಥಾಲಯದಲ್ಲಿ ಇದೆ.

ಅದೇ ಆಸ್ಪತ್ರೆಯಲ್ಲಿ ಹೆನ್ರಿ ಗ್ರೇ ಎಂಬ ಚುರುಕಿನ ಶರೀರಶಾಸ್ತ್ರದ ಮೇಷ್ಟ್ರು ಇದ್ದರು. ಕಾರ್ಟರ್‌ಗಿಂತ ನಾಲ್ಕು ವರ್ಷ ದೊಡ್ಡವರು. 25ನೇ ವಯಸ್ಸಿಗೇ ರಾಯಲ್ ಸೊಸೈಟಿಯ ಸದಸ್ಯರಾದವರು, ಮುಂದೆ ಬರುವ ಆಸೆ ಇದ್ದವರು. ವಿದ್ಯಾರ್ಥಿಗಳಿಗೆ ಕೈಗೆಟಕುವಂಥ ಒಂದು ಪುಸ್ತಕ ಮಾಡೋಣ, ನಾನು ಬರೀತೀನಿ ನೀನು ಚಿತ್ರ ಹಾಕು ಅಂತ ಕಾರ್ಟರ್‌ನ ಒಪ್ಪಿಸಿದರು. ಸುಮಾರು ಒಂದೂವರೆ ವರ್ಷ ಇಬ್ಬರೂ ಶವ ಕೊಯ್ದರು. ಶವಗಳು ಯಾರವು ಅಂತೀರಿ? 1832ರ ಕಾಯಿದೆ ಪ್ರಕಾರ ಆಸ್ಪತ್ರೆಯಲ್ಲಿ, ಬಡವರ ಆಶ್ರಯದಲ್ಲಿ ಸತ್ತು, ಮಣ್ಣು ಮಾಡೋಕೆ ಯಾರೂ ಬಾರದವರವು. ಆ ಪುಸ್ತಕದ ಪ್ರತಿ ಚಿತ್ರದ ಹಿಂದೆ ಹೆಸರಿಲ್ಲದ ಒಬ್ಬ ಬಡವ ಮಲಗಿದ್ದಾನೆ.

ಕಾರ್ಟರ್ ಕಾಗದದ ಮೇಲಲ್ಲ, ಅಚ್ಚಿನ ಗಟ್ಟಿ ಮರದ ತುಂಡಿನ ಮೇಲೇ ಚಿತ್ರ ಬರೆಯುತ್ತಿದ್ದರು. ಅದೂ ಕನ್ನಡಿಯಲ್ಲಿ ಕಾಣೋ ಹಾಗೆ, ಎಡದ್ದು ಬಲಕ್ಕೆ ತಿರುಗಿಸಿ. ಆಮೇಲೆ ಕೆತ್ತುವವರು ಕೆತ್ತಿದರು. ಒಟ್ಟು 363 ಚಿತ್ರ. ಅಲ್ಲಿಯವರೆಗೆ ಬೇರೆ ಪುಸ್ತಕಗಳಲ್ಲಿ ಚಿತ್ರದ ಸುತ್ತ ಅ, ಆ, 1, 2 ಅಂತ ಗುರುತು ಹಾಕಿ, ಅದರ ಅರ್ಥ ಕೆಳಗೆ ಹುಡುಕಬೇಕಿತ್ತು. ಕಾರ್ಟರ್ ನರದ ಹೆಸರನ್ನ ನರದ ಉದ್ದಕ್ಕೇ ಬರೆದರು, ಮೂಳೆಯ ಹೆಸರನ್ನ ಮೂಳೆಯ ಮೇಲೇ ಬರೆದರು. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ಲಿನಲ್ಲಿ ಒಂದೇ ಬಲ್ಬಿನ ಕೆಳಗೆ ಓದಿದವರಿಗೆ ಆ ಉಪಕಾರ ಎಷ್ಟು ದೊಡ್ಡದು ಅಂತ ಗೊತ್ತು.

1858ರಲ್ಲಿ ಪುಸ್ತಕ ಬಂತು. ದುಡ್ಡಿನ ಲೆಕ್ಕ ಕೇಳಿ. ಗ್ರೇಗೆ ಪ್ರತಿ ಸಾವಿರ ಪ್ರತಿಗೆ 150 ಪೌಂಡು. ಕಾರ್ಟರ್‌ಗೆ ಒಂದೇ ಸಲ 150 ಪೌಂಡು, ಅಲ್ಲಿಗೆ ಬಾಬತ್ತು ಖಲಾಸ್. ಮುಖಪುಟದ ಕರಡಿನಲ್ಲಿ ಇಬ್ಬರ ಹೆಸರೂ ಒಂದೇ ದಪ್ಪಕ್ಕೆ ಇತ್ತು. ಗ್ರೇ ತಾವೇ ಪೆನ್ನು ಹಿಡಿದು ಕಾರ್ಟರ್ ಹೆಸರು ಸಣ್ಣಕ್ಷರಕ್ಕೆ ಇಳಿಸಿ ಅಂತ ಗುರುತು ಹಾಕಿದರು. ಬೊಂಬಾಯಿಯಲ್ಲಿ ಪ್ರೊಫೆಸರ್ ಆಗಿದ್ದಾರೆ ಅನ್ನೋ ಸಾಲಿಗೂ ಕಾಟು ಹಾಕಿದರು. ಚಿತ್ರ ಕಾರ್ಟರ್‌ದು, ಶವ ಕೊಯ್ದದ್ದು ಇಬ್ಬರೂ ಸೇರಿ ಅಂತ ಒಳಗೆ ಅಚ್ಚಾಗಿದೆ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಬೆನ್ನಿನ ಮೇಲೆ ನಿಂತಿದ್ದು ಗ್ರೇ ಹೆಸರು. ನಮ್ಮಲ್ಲೂ ಓವರ್‌ಟೈಮು ಮಾಡಿದವನೊಬ್ಬ, ರಿಪೋರ್ಟಿನಲ್ಲಿ ಸಹಿ ಇನ್ನೊಬ್ಬನದು ಅನ್ನೋದು ಇದ್ದೇ ಇದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಪಾಪ, ಗ್ರೇ ಕೂಡ ಹೆಚ್ಚು ಕಾಲ ಅನುಭವಿಸಲಿಲ್ಲ. 1861ರಲ್ಲಿ ಸಿಡುಬು ಬಂದು 34ಕ್ಕೇ ತೀರಿಕೊಂಡರು.

ಪುಸ್ತಕ ಅಂಗಡಿಗೆ ಬರೋ ಹೊತ್ತಿಗೆ ಕಾರ್ಟರ್ ಆಗಲೇ ಬೊಂಬಾಯಿಯಲ್ಲಿ ಇದ್ದರು. 1858ರ ಆರಂಭದಲ್ಲಿ ಅಲ್ಲಿನ ವೈದ್ಯ ಸೇವೆಗೆ ಸೇರಿ ಹೊರಟಿದ್ದರು. ಸೂಯೆಜ್ ಕಾಲುವೆ ಆಗ ಇರಲಿಲ್ಲ. ಸಿಪಾಯಿ ದಂಗೆಯ ಹೊಗೆ ಇನ್ನೂ ಆರಿರಲಿಲ್ಲ. ಲಂಡನ್ನಿನಲ್ಲಿ ಖಾಯಂ ಕೆಲಸ ಸಿಕ್ಕಿರಲಿಲ್ಲ, ವಯಸ್ಸು 26. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಶರೀರಶಾಸ್ತ್ರದ ಪಾಠ, ಪಕ್ಕದ ಜಮಷೇಟ್‌ಜಿ ಜೀಜೀಭಾಯ್ ಆಸ್ಪತ್ರೆಯಲ್ಲಿ ಡ್ಯೂಟಿ. ಊರಿನಿಂದ ದೂರ ಬಂದ ಒಂಟಿ ಗಂಡಸಿನ ಪಾಡು ನಿಮಗೆ ನಾನು ವಿವರಿಸಬೇಕಿಲ್ಲ. ಬಂದ ಸ್ವಲ್ಪ ದಿನಕ್ಕೇ ಮಾಡಿಕೊಂಡ ಮದುವೆ ನಿಲ್ಲಲಿಲ್ಲ, ಅದರ ನೋವು ವರ್ಷಗಟ್ಟಲೆ ಉಳಿಯಿತು. ಅಷ್ಟು ಸಾಕು, ಅವರ ಮನೆ ವಿಚಾರ ಕೆದಕುವುದು ನನಗೆ ಇಷ್ಟವಿಲ್ಲ.

ಈಗ ರೋಗಕ್ಕೆ ಬರುತ್ತೇನೆ. ಆ ಆಸ್ಪತ್ರೆಗೆ ಹಳ್ಳಿಗಳಿಂದ ರೈತರು, ಕೂಲಿಯವರು ವಿಚಿತ್ರ ಕಾಲು ಹೊತ್ತುಕೊಂಡು ಬರ್ತಿದ್ದರು. ಪಾದ ಉಬ್ಬಿ ಕುಂಬಳಕಾಯಿ ಹಾಗೆ. ಆನೆಕಾಲು ಅನ್ನೋಣ ಅಂದರೆ ಅಲ್ಲ. ಆನೆಕಾಲು ಮೇಲಿನವರೆಗೂ ಊದುತ್ತದೆ, ಇಲ್ಲಿ ಪಾದ ಮಾತ್ರ ಉಬ್ಬಿ ಮೊಣಕಾಲ ಕೆಳಗಿನ ಭಾಗ ಬಡಕಲು. ಮೈಮೇಲೆಲ್ಲ ಸಣ್ಣ ಸಣ್ಣ ಬಾಯಿ, ಅದರಿಂದ ಕೀವು, ಕೀವಿನ ಜೊತೆ ಕಪ್ಪು ಕಾಳು. ಕೋವಿ ಮದ್ದು ಉದುರಿದ ಹಾಗೆ, ಇಲ್ಲಾಂದ್ರೆ ಸಾಸಿವೆ ಹಾಗೆ. ಕೆಲವರಿಗೆ ಬಿಳಿ, ಹಳದಿ ಕಾಳು, ಅಪರೂಪಕ್ಕೆ ಕೆಂಪು. ಆಶ್ಚರ್ಯ ಅಂದರೆ ನೋವು ಕಡಿಮೆ. ವರ್ಷಗಟ್ಟಲೆ ಅದೇ ಕಾಲಲ್ಲಿ ನೇಗಿಲು ಹೊಡೆದು, ಕೊನೆಗೆ ಮೂಳೆಯೆಲ್ಲ ಸವೆದು ನಿಲ್ಲೋಕೆ ಆಗದಾಗ ಆಸ್ಪತ್ರೆಗೆ ಬರೋರು. ಅಲ್ಲಿ ಒಂದೇ ಮದ್ದು, ಕಾಲು ಕತ್ತರಿಸೋದು.

ಈ ಕಾಲನ್ನ ಇಂಗ್ಲಿಷ್ ವೈದ್ಯರು ಮೊದಲು ಬರೆದಿಟ್ಟದ್ದು 1840ರ ದಶಕದಲ್ಲಿ. 1842ರಲ್ಲಿ ಮದುರೈ ದವಾಖಾನೆಯ ಗಿಲ್, ಅವರ ಹಿಂದೆಯೇ ಅಲ್ಲಿನ ಕೋಲ್‌ಬ್ರೂಕ್. ಅಲ್ಲಿಂದಲೇ ಮದುರಾ ಕಾಲು ಅನ್ನೋ ಹೆಸರು ಬಿತ್ತು. ನನಗೆ ರೋಮಾಂಚನ ಆಗಿದ್ದು ಇನ್ನೊಂದು ಹೆಸರು ನೋಡಿ. ಅದೇ ದಶಕದಲ್ಲಿ ನಮ್ಮ ಬಳ್ಳಾರಿಯ ದಂಡಿನ ವೈದ್ಯ ಗಾಡ್‌ಫ್ರಿ ಅನ್ನೋರು ಇದೇ ಕಾಲಿನ ಬಗ್ಗೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಬರೆದು ಕಳಿಸಿದ್ದರು. ನಾನು ಹುಟ್ಟಿ ಬೆಳೆದದ್ದು ಬಳ್ಳಾರಿ ಜಿಲ್ಲೆಯ ಹಳ್ಳಿಯಲ್ಲಿ. ಗೌಡರ ಹೊಲದಲ್ಲಿ ಜಾಲಿಮುಳ್ಳು ಚುಚ್ಚಿಸಿಕೊಳ್ಳದ ಕಾಲೇ ನಮ್ಮ ಕಡೆ ಇಲ್ಲ. ಮುಳ್ಳು ತೆಗೆಯೋಕೆ ಅಂತ ಉಡದಾರದಲ್ಲಿ ಚಿಮಟ ಕಟ್ಟಿಕೊಂಡು ಓಡಾಡೋ ಮುದುಕರನ್ನ ನೋಡಿದ್ದೇನೆ.

ಗಿಲ್, ಕೋಲ್‌ಬ್ರೂಕ್, ಗಾಡ್‌ಫ್ರಿ ಎಲ್ಲರೂ ಹೊರಗೆ ಕಂಡದ್ದು ಬರೆದರು. ಒಳಗೆ ಏನಿದೆ ಅಂತ ನೋಡಿದವರು ಕಾರ್ಟರ್. ಕತ್ತರಿಸಿದ ಕಾಲನ್ನ ಬೇರೆಯವರು ಹೂಳಿಸುತ್ತಿದ್ದರು, ಇವರು ಮೇಜಿನ ಮೇಲೆ ಇಟ್ಟುಕೊಂಡು ಪದರ ಪದರವಾಗಿ ಬಿಡಿಸಿದರು. ಗ್ರೇ ಜೊತೆ ಕೊಯ್ದ ಕೈ, ತಂದೆಯಿಂದ ಬಂದ ಕಣ್ಣು ಎರಡೂ ಇಲ್ಲಿ ಕೆಲಸಕ್ಕೆ ಬಂದವು. ಚರ್ಮದ ಬಾಯಿಯಿಂದ ಒಳಗೆ ಸುರಂಗ, ಸುರಂಗದ ತುದಿಗೆ ಗೂಡು, ಮೂಳೆಯಲ್ಲೂ ಗೂಡು, ಗೂಡಿನಲ್ಲಿ ಕಾಳು ತುಂಬಿರೋದು. ಒಂದು ಕಾಳು ಒಡೆದು ಸೂಕ್ಷ್ಮದರ್ಶಕದ ಕೆಳಗೆ ಹಿಡಿದರೆ ಅದು ರಕ್ತ ಹೆಪ್ಪುಗಟ್ಟಿದ್ದಲ್ಲ, ಮೂಳೆಯ ಚೂರೂ ಅಲ್ಲ. ಹೆಣೆದುಕೊಂಡ ಎಳೆ ಎಳೆ. ಮಳೆಗಾಲದಲ್ಲಿ ಚಪ್ಪಲಿ ಮೇಲೆ ಬೆಳೆಯುತ್ತದಲ್ಲ, ಆ ಬೂಷ್ಟಿನ ಜಾತಿ. ಇದು ಶಿಲೀಂಧ್ರದ ಗಂಟು ಅಂತ 1860ರ ಸುಮಾರಿಗೇ ಬೊಂಬಾಯಿಯ ವೈದ್ಯರ ಸಂಘದ ಮುಂದೆ ಇಟ್ಟು, ಮೈಸಿಟೋಮಾ ಅಂತ ಹೆಸರು ಕೊಟ್ಟರು.

ಕಾಲಮಾನ ಸ್ವಲ್ಪ ಗಮನಿಸಿ. ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅಂತ ದೊಡ್ಡ ದೊಡ್ಡ ಡಾಕ್ಟರೇ ನಂಬಿದ್ದ ಕಾಲ ಅದು. ಕೋಖ್ ಆಂಥ್ರಾಕ್ಸ್ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಅಂತ ತೋರಿಸಿದ್ದು 1876ರಲ್ಲಿ. ಅದಕ್ಕೂ ಹದಿನೈದು ವರ್ಷ ಮುಂಚೆ ಬೊಂಬಾಯಿಯಲ್ಲಿ ಕೂತು ಕಾರ್ಟರ್, ಹೊರಗಿನ ಒಂದು ಜೀವಿ ಮೈಯೊಳಗೆ ಹೊಕ್ಕು ಮೂಳೆ ತಿನ್ನುತ್ತದೆ ಅಂದಿದ್ದರು. ಎಲ್ಲರೂ ಒಪ್ಪಲಿಲ್ಲ. ಕಾರ್ಟರ್ ಕಡೆಯಿಂದಲೂ ಒಂದು ಎಡವಟ್ಟು ಆಯಿತು. ಕಾಳಿನಿಂದ ಬೆಳೆಸಲು ಇಟ್ಟ ಮಾದರಿಯಲ್ಲಿ ಗುಲಾಬಿ ಬಣ್ಣದ ಬೂಷ್ಟು ಬಂತು, ಇದೇ ರೋಗಕಾರಕ ಅಂದುಕೊಂಡರು. ಇಂಗ್ಲೆಂಡಿನ ಶಿಲೀಂಧ್ರ ಪಂಡಿತ ಬರ್ಕ್ಲಿ ಅದಕ್ಕೆ ಕಾರ್ಟರ್ ಹೆಸರನ್ನೇ ಸೇರಿಸಿ ನಾಮಕರಣವನ್ನೂ ಮಾಡಿದರು. ಆಮೇಲೆ ನೋಡಿದರೆ ಅದು ಹೊರಗಿನಿಂದ ಬಂದು ಕೂತ ಬೂಷ್ಟು, ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಬೂಷ್ಟು ಯಾವುದು ಅನ್ನೋದು ತಪ್ಪಿತು, ಬೂಷ್ಟೇ ಕಾರಣ ಅನ್ನೋದು ತಪ್ಪಲಿಲ್ಲ. ಇನ್ನೂ ಒಂದು ಕೆಲಸ ಅವರು ಸರಿಯಾಗಿ ಮಾಡಿದರು. ಕಪ್ಪು ಕಾಳಿನದು ಬೇರೆ, ಬಿಳಿ ಕಾಳಿನದು ಬೇರೆ ಅಂತ ವಿಂಗಡಿಸಿದರು. ಕಪ್ಪು ಕಾಳು ಇದ್ದರೆ ಶಿಲೀಂಧ್ರ ಅನ್ನೋದು ಇವತ್ತಿಗೂ ನಿಂತಿದೆ. ಬಿಳಿ ಕಾಳಿನಲ್ಲಿ ಕೆಲವು ಬ್ಯಾಕ್ಟೀರಿಯಾದಿಂದ ಬರುತ್ತವೆ ಅನ್ನೋದು 1894ರಲ್ಲಿ ಆಲ್ಜೀರಿಯಾದಲ್ಲಿದ್ದ ಫ್ರೆಂಚ್ ವೈದ್ಯ ವಿನ್ಸೆಂಟ್ ತೋರಿಸಿಕೊಟ್ಟ ಮೇಲೆ ಗೊತ್ತಾಯಿತು. ಇದು ಬರೀ ಪಂಡಿತರ ಜಗಳವಲ್ಲ. ಬ್ಯಾಕ್ಟೀರಿಯಾದ್ದಾದರೆ ಆಂಟಿಬಯಾಟಿಕ್ಕಿಗೆ ಬಗ್ಗುತ್ತದೆ. ಶಿಲೀಂಧ್ರದ್ದಾದರೆ ಅದೇ ಮಾತ್ರೆ ಎಷ್ಟು ನುಂಗಿದರೂ ನೀರಲ್ಲಿ ಹೋಮ.

1863ರಿಂದ ಸುಮಾರು ಒಂಬತ್ತು ವರ್ಷ ಕಾರ್ಟರ್ ಸತಾರಾದಲ್ಲಿ ಸಿವಿಲ್ ಸರ್ಜನ್. ಜೈಲಿನ ಉಸ್ತುವಾರಿಯೂ ಅವರದೇ. ಅಲ್ಲಿ ರೋಗಿಗಳು ಇನ್ನೂ ಹತ್ತಿರ, ಹಳ್ಳಿ ಇನ್ನೂ ಹತ್ತಿರ. ಕಾಲಿನ ಪ್ರಕರಣ ಒಂದೊಂದಾಗಿ ಸೇರಿಸುತ್ತಾ ಹೋದರು. ಆಮೇಲೆ ರಜೆ ಸಿಕ್ಕಿತು. ನಾವು ರಜೆ ಸಿಕ್ಕರೆ ಪೆಟ್ಟಿಗೆ ಕಟ್ಟಿಕೊಂಡು ಸೀದಾ ಊರಿಗೆ. ಈ ಮನುಷ್ಯ ನಾರ್ವೆಗೆ ಹೋದರು, ಅಲ್ಲಿನ ಕುಷ್ಠರೋಗದ ಆಸ್ಪತ್ರೆ ನೋಡೋಕೆ! ಬರ್ಗೆನ್ ಊರಿನ ಹ್ಯಾನ್ಸೆನ್ ಕುಷ್ಠಕ್ಕೆ ಸೂಕ್ಷ್ಮಜೀವಿ ಕಾರಣ ಅಂತ ಆಗಷ್ಟೇ ಹೇಳುತ್ತಿದ್ದರು. ಅದೇ ರಜೆಯಲ್ಲಿ, 1874ರಲ್ಲಿ, ಮೈಸಿಟೋಮಾ ಬಗ್ಗೆ ದೊಡ್ಡ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಬಣ್ಣದ ಚಿತ್ರಗಳ ಸಮೇತ. ಈ ಸಲ ಮುಖಪುಟದ ಮೇಲೆ ಅವರೊಬ್ಬರದೇ ಹೆಸರು.

ತಿರುಗಿ ಬಂದರೆ ಧಾತು ಈಶ್ವರ ಸಂವತ್ಸರದ ಬರ. ನಮ್ಮ ಅಜ್ಜ ಮುತ್ತಜ್ಜಂದಿರು ಆ ಹೆಸರು ಹೇಳಿದರೇ ನಡುಗುತ್ತಿದ್ದರಂತೆ. ಹಸಿದ ಜನ ಗುಂಪು ಗುಂಪಾಗಿ ಬೊಂಬಾಯಿ ಸೇರಿದರು, ಜೊತೆಗೆ ಹೇನಿನಿಂದ ಹರಡುವ ಮರುಕಳಿಸೋ ಜ್ವರವೂ ಬಂತು. 1877ರಲ್ಲಿ ಕಾರ್ಟರ್ ಆ ರೋಗಿಗಳ ರಕ್ತದಲ್ಲಿ ಸುರುಳಿ ಆಕಾರದ ಜೀವಿಯನ್ನ ಕಂಡರು, ಕೋತಿಗಳಿಗೆ ಚುಚ್ಚಿ ಜ್ವರ ಬರೋದು ಖಾತ್ರಿ ಮಾಡಿಕೊಂಡರು. ಶವ ಪರೀಕ್ಷೆ ಮಾಡುವಾಗ ತಮಗೇ ಸೋಂಕು ತಗಲಿ ಮಲಗಿದರು, ಎದ್ದರು, ಮತ್ತೆ ಕೆಲಸಕ್ಕೆ ಹೋದರು. ಮುಂದೆ ಗ್ರಾಂಟ್ ಕಾಲೇಜಿನ ಪ್ರಿನ್ಸಿಪಾಲರ ಕುರ್ಚಿಯಲ್ಲೂ ಕೂತರು. 1887ರಲ್ಲಿ ಇನ್ನೊಂದು ನಡೆಯಿತು. ಮಲೇರಿಯಾದ ಪರೋಪಜೀವಿಯನ್ನ ಕಂಡೆ ಅಂತ ಫ್ರಾನ್ಸಿನ ಲಾವೆರಾನ್ ಹೇಳಿದ್ದನ್ನ ಬಹಳ ಜನ ನಂಬಿರಲಿಲ್ಲ. ನಮ್ಮ ದೇಶದ ರೋಗಿಗಳ ರಕ್ತದಲ್ಲಿ ಅದನ್ನ ಕಂಡು, ಲಾವೆರಾನ್ ಹೇಳಿದ್ದು ಸರಿ ಅಂದವರಲ್ಲಿ ಕಾರ್ಟರ್ ಮೊದಲಿಗರು. ಈ ಲಾವೆರಾನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1888ರಲ್ಲಿ ಮೂವತ್ತು ವರ್ಷದ ಸೇವೆ ಮುಗಿಸಿ ಊರಿಗೆ ಹೋದರು. 1890ರಲ್ಲಿ, ಹತ್ತಿರ ಹತ್ತಿರ ಅರವತ್ತರ ವಯಸ್ಸಿನಲ್ಲಿ, ಮೇರಿ ಎಲೆನ್ ಎಂಬುವರನ್ನು ಮದುವೆಯಾದರು. ಎರಡು ಮಕ್ಕಳಾದವು. ವಿಕ್ಟೋರಿಯಾ ರಾಣಿಯ ಗೌರವ ವೈದ್ಯ ಅನ್ನೋ ಮರ್ಯಾದೆಯೂ ಸಿಕ್ಕಿತು. ಕೊನೆಗೂ ಸಂಸಾರ ಸುಖ ಕಂಡರು ಅನ್ನೋ ಹೊತ್ತಿಗೆ ಕ್ಷಯ ಹಿಡಿಯಿತು. 1897ರ ಮೇ 4ರಂದು ತಾವು ಬೆಳೆದ ಸ್ಕಾರ್ಬರೊ ಊರಿನಲ್ಲಿ ತೀರಿಕೊಂಡರು.

ಅವರು ಹುಡುಕುತ್ತಿದ್ದ ಬೂಷ್ಟು ಕೈಗೆ ಸಿಕ್ಕಿದ್ದು ಅವರು ಸತ್ತ ಮೇಲೆ. 1902ರಲ್ಲಿ ಕಪ್ಪು ಕಾಳಿನ ಜೀವಿಯನ್ನ ವಿವರಿಸಿ ಹೆಸರಿಟ್ಟವರು ಅದೇ ಲಾವೆರಾನ್. ಅದು ಬ್ಯಾಕ್ಟೀರಿಯಾ ಗುಂಪಿನದಲ್ಲ, ಶಿಲೀಂಧ್ರವೇ ಅಂತ 1905ರಲ್ಲಿ ಬ್ರುಂಪ್ಟ್ ಎಂಬ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಹೊಸ ಕುಲವನ್ನೇ ಕಟ್ಟಿ ಅದಕ್ಕೆ ಮದುರೆಲ್ಲಾ ಅಂದರು. ಮದುರೈ ಊರಿನ ಹೆಸರು ಹಾಗೆ ವಿಜ್ಞಾನದಲ್ಲಿ ಉಳಿಯಿತು. ಮದುರೆಲ್ಲಾ ಮಣ್ಣಿನ ಜೀವಿ. ಸೂಡಾನಿನಲ್ಲಿ ಹುಡುಕಿದಾಗ ಅದರ ಡಿಎನ್‌ಎ ಮಣ್ಣಿನಲ್ಲಿ ಸಿಕ್ಕಿದೆ, ಮುಳ್ಳಿನ ಮೇಲೂ ಸಿಕ್ಕಿದೆ. ಮುಳ್ಳು ಚುಚ್ಚಿದಾಗ ಅದರ ಜೊತೆ ಒಳಗೆ ಹೋಗುತ್ತದೆ ಅಂತ ನಂಬಿಕೆ. ಒಳಗೆ ಹೋದ ಮೇಲೆ ಎಳೆಗಳನ್ನ ಗಟ್ಟಿ ಕಪ್ಪು ಗಾರೆಯಲ್ಲಿ ಬಿಗಿದು ಕಾಳು ಕಟ್ಟಿಕೊಳ್ಳುತ್ತದೆ. ಮೈಯ ಕಾವಲು ಜೀವಕೋಶಗಳೂ ಔಷಧಿಯೂ ಆ ಗಾರೆ ದಾಟಿ ಒಳಗೆ ಹೋಗೋದು ಕಷ್ಟ.

ನಮ್ಮ ಕಂಪನಿ ಕ್ಲಿನಿಕ್ಕಿನಲ್ಲಿ ಆಂಬುಲೆನ್ಸ್ ಓಡಿಸೋ ಸೂಡಾನಿ ಚಾಚಾ ಒಬ್ಬರಿದ್ದಾರೆ. ಒಂದು ದಿನ ಚಹಾ ಕುಡೀತಾ ತಮ್ಮನ ಕಾಲಿನ ಫೋಟೋ ಫೋನಿನಲ್ಲಿ ತೋರಿಸಿದರು. ಪುಸ್ತಕದಲ್ಲಿ ಮಾತ್ರ ನೋಡಿದ್ದ ಕಾಲು. ತಮ್ಮ ಕುರಿ ಕಾಯುವವನು, ಖಾರ್ಟೂಮಿನ ಕೇಂದ್ರದಲ್ಲಿ ಮಾತ್ರೆ ತಗೊಳ್ತಿದ್ದ. 1991ರಲ್ಲಿ ಶುರುವಾದ ಆ ಮೈಸಿಟೋಮಾ ಕೇಂದ್ರ ಜಗತ್ತಿಗೇ ಈ ರೋಗದ ದೊಡ್ಡಾಸ್ಪತ್ರೆ ಇದ್ದ ಹಾಗೆ. 2023ರಲ್ಲಿ ಎದ್ದ ಯುದ್ಧದಲ್ಲಿ ಅದು ನಾಶವಾಯಿತು, ಕೂಡಿಟ್ಟ ಮಾದರಿಗಳೂ ಹೋದವು. ತಮ್ಮನ ಮಾತ್ರೆ ನಿಂತಿದೆ. ಚಾಚಾ ಇಲ್ಲಿಂದ ಮಾತ್ರೆ ಕೊಂಡು, ಪೋರ್ಟ್ ಸೂಡಾನಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಾರೆ. ತಿಂಗಳ ಸಂಬಳದಲ್ಲಿ ಅದಕ್ಕೊಂದು ಪಾಲು ತೆಗೆದಿಡುತ್ತಾರೆ.

ಆ ಮಾತ್ರೆಯ ಹೆಸರು ಇಟ್ರಾಕೊನಜೋಲ್. ಒಂದು ವರ್ಷಕ್ಕೆ ಕಡಿಮೆ ಇಲ್ಲದ ಹಾಗೆ ದಿನಾ ನುಂಗಬೇಕು, ಮಧ್ಯೆ ಗಂಟು ಕೊಯ್ದು ತೆಗೆಯಬೇಕು. ಆದರೂ ಕೆಲವರಿಗೆ ಮರುಕಳಿಸುತ್ತದೆ. ಮದುರೆಲ್ಲಾ ಕುಲದಲ್ಲೇ ಫಹಾಲಿ ಎಂಬ ಪ್ರಭೇದಕ್ಕೆ ಈ ಮಾತ್ರೆ ಸರಿಯಾಗಿ ನಾಟುವುದಿಲ್ಲ. ಅದಕ್ಕೆ ಹೆಸರು ಬಂದಿರೋದು ಖಾರ್ಟೂಮಿನ ಕೇಂದ್ರ ಕಟ್ಟಿದ ಡಾಕ್ಟರ್ ಅಹಮದ್ ಫಹಾಲ್ ಅವರಿಂದ. ವಾರಕ್ಕೊಮ್ಮೆ ನುಂಗೋ ಫಾಸ್‌ರಾವುಕೊನಜೋಲ್ ಎಂಬ ಹೊಸ ಮಾತ್ರೆಯನ್ನ ಅದೇ ಕೇಂದ್ರದಲ್ಲಿ 104 ರೋಗಿಗಳ ಮೇಲೆ ಪರೀಕ್ಷಿಸಿದ್ದರು. ದಿನಾ ನುಂಗೋ ಮಾತ್ರೆಯಷ್ಟೇ ಹೆಚ್ಚುಕಡಿಮೆ ಗುಣ ಕೊಟ್ಟಿತು ಅಂತ 2024ರಲ್ಲಿ ಫಲಿತಾಂಶ ಬಂತು. ವಿಶ್ವ ಆರೋಗ್ಯ ಸಂಸ್ಥೆ ಈ ರೋಗವನ್ನ ತನ್ನ ಅಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿಕೊಂಡಿದ್ದು 2016ರಲ್ಲಿ. ಕಾರ್ಟರ್ ಹೆಸರಿಟ್ಟು ಒಂದೂವರೆ ಶತಮಾನ ಆಗಿತ್ತು.

ಇಲ್ಲಿ ಸೈಟಿನಲ್ಲಿ ಸೇಫ್ಟಿ ಶೂ ಇಲ್ಲದೆ ಒಳಗೆ ಬಿಡಲ್ಲ, ಅದು ಒಳ್ಳೇದೇ. ಆದರೆ ನಮ್ಮ ಹುಡುಗರು ಬರೋ ಮುಂಚೆ ಊರಲ್ಲಿ ಹತ್ತು ವರ್ಷ ಬರಿಗಾಲಲ್ಲಿ ಹೊಲ ತುಳಿದೇ ಬಂದಿರ್ತಾರೆ, ಮತ್ತೆ ರಜೆಗೆ ಹೋದಾಗಲೂ ಚಪ್ಪಲಿ ಬದುವಿನ ಮೇಲೆ ಬಿಟ್ಟೇ ಇಳಿಯೋದು. ಈ ಗಂಟು ಮುಳ್ಳು ಚುಚ್ಚಿದ ಎಷ್ಟೋ ತಿಂಗಳಿಗೆ, ಕೆಲವೊಮ್ಮೆ ವರ್ಷಗಳಿಗೆ ಕಾಣಿಸಿಕೊಳ್ಳುತ್ತದೆ. ನೋವಿಲ್ಲ, ಡ್ಯೂಟಿಗೆ ತೊಂದರೆ ಇಲ್ಲ, ಮೆಡಿಕಲ್‌ನಲ್ಲಿ ಅನ್‌ಫಿಟ್ ಮಾಡಿ ಕಳಿಸಿಬಿಟ್ಟರೆ ಅನ್ನೋ ಹೆದರಿಕೆ ಬೇರೆ, ಹಾಗಾಗಿ ಯಾರೂ ಬಾಯಿ ಬಿಡಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟೋ ರೋಗ ಅಲ್ಲ, ರೂಮಿನವರು ದೂರ ಇಡೋ ಅಗತ್ಯ ಇಲ್ಲ. ಪಾದದಲ್ಲಾಗಲಿ ಕೈಯಲ್ಲಾಗಲಿ ನೋವಿಲ್ಲದ ಗಟ್ಟಿ ಗಂಟು ತಿಂಗಳು ಕಳೆದರೂ ಕರಗದಿದ್ದರೆ, ಅದರ ಬಾಯಿಂದ ಕಾಳು ಉದುರಿದರೆ, ಕಾಳನ್ನ ಒರೆಸಿ ಎಸೆಯಬೇಡಿ. ಸಣ್ಣ ಶುದ್ಧ ಡಬ್ಬಿಯಲ್ಲಿ ಹಾಕಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಣ್ಣ ಯಾವುದು ಅಂತ ಅವರು ಮೊದಲು ಅದನ್ನೇ ನೋಡುತ್ತಾರೆ. ನನ್ನ ಹತ್ತಿರ ತಂದರೂ ಆದೀತು, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳರ ತನಕ ಕ್ಲಿನಿಕ್ಕಿನಲ್ಲೇ ಇರ್ತೀನಿ.